ಎಡಿಎಚ್‌ಡಿ ಇದೆ ಅಂತ ಗೊತ್ತಾದ ಮೇಲೆ ಮನೆಯವರಿಗೆ, ಗೆಳೆಯರಿಗೆ ಹೇಗೆ ಹೇಳಿದಿರಿ?

ನೀಲಿ ಡೈರಿ:

ಮೂರು ವಾರದಿಂದ ಒಂದು ಹಾಳೆ ನನ್ನ ಬ್ಯಾಗಿನಲ್ಲೇ ಇದೆ. ಮನೋವೈದ್ಯರು ಬರೆದುಕೊಟ್ಟ ರಿಪೋರ್ಟ್. ನಾಲ್ಕು ಮಡಿಕೆ ಮಾಡಿ ಒಳಗಿನ ಜಿಪ್ಪಿನಲ್ಲಿ ಇಟ್ಟಿದ್ದೇನೆ. ದಿನಕ್ಕೊಮ್ಮೆ ತೆಗೆದು ನೋಡಿ ಮತ್ತೆ ಅಲ್ಲೇ ಇಡುತ್ತೇನೆ. ಮಡಿಕೆಯ ಗೆರೆ ಸರಿಯಾಗಿ ನನ್ನ ಹೆಸರಿನ ಮೇಲೇ ಬಿದ್ದಿದೆ. ಅಕ್ಷರ ಸವೆಯಲು ಶುರುವಾಗಿದೆ. ಎಡಿಎಚ್‌ಡಿ, ಅಂದರೆ ಗಮನ ಹಿಡಿದಿಡಲು, ಚಡಪಡಿಕೆ, ದುಡುಕು ತಡೆಯಲು ಕಷ್ಟವಾಗುವ ತೊಂದರೆ. ಅದರಲ್ಲಿ ಗಮನದ ಕೊರತೆಯೇ ಮುಖ್ಯವಾಗಿರುವ ಬಗೆ ನನ್ನದು ಅಂತ ಬರೆದಿದೆ. ನನಗೆ ಈಗ 36.

ಗಂಡನಿಗೆ ಗೊತ್ತು. ಡಾಕ್ಟರ ಹತ್ತಿರ ಜೊತೆಗೇ ಬಂದಿದ್ದರು, ಹಾಗಾಗಿ ಹೇಳುವ ಕಷ್ಟ ಬರಲಿಲ್ಲ. ಉಳಿದಿರುವುದು ಮೂವರು. ಅಮ್ಮ, ಅಣ್ಣ, ಮತ್ತೆ ಕಾಲೇಜಿನಿಂದ ಜೊತೆಗಿರುವ ಒಬ್ಬ ಗೆಳತಿ.

ಅಮ್ಮನದು ಯಾವಾಗಲೂ ಒಂದೇ ಮಾತು. 'ಮನಸ್ಸು ಮಾಡಿದ್ರೆ ನಿನ್ನ ಕೈಲಿ ಆಗದೇ ಇರೋದು ಯಾವುದಿದೆ?' ಅವರು ಹೊಗಳಿಕೆ ಅಂತಲೇ ಹೇಳುತ್ತಾರೆ. ನನಗೆ ಮಾತ್ರ, ನೀನು ಮನಸ್ಸೇ ಮಾಡುತ್ತಿಲ್ಲ ಅಂತ ಕೇಳಿಸುತ್ತದೆ. ಅಣ್ಣ ಏನು ಹೇಳಿದರೂ ನಕ್ಕು ತಳ್ಳಿಹಾಕುತ್ತಾನೆ.

ಗೆಳತಿಯ ವಿಷಯ ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಎರಡು ವರ್ಷದ ಹಿಂದೆ ಅವಳ ಅಪ್ಪನಿಗೆ ಆಪರೇಷನ್ ಇತ್ತು. ಬೆಳಗ್ಗೆ ಏಳಕ್ಕೆ ಆಸ್ಪತ್ರೆಗೆ ಬಂದು ನಿನ್ನ ಜೊತೆ ಕೂರುತ್ತೇನೆ ಅಂದಿದ್ದೆ. ಬುಧವಾರ ಅಂದಿದ್ದಳು. ನಾನು ಹೋಗಿದ್ದು ಗುರುವಾರ. ಅವಳು ಕಾರಿಡಾರಿನಲ್ಲಿ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ, 'ನಿನ್ನೆ ಆಯ್ತು' ಅಂದಳು. ಅಷ್ಟೇ. ಅವತ್ತಿನಿಂದ ಮಾತು ಇದೆ, ಸಲುಗೆ ಇಲ್ಲ.

ನೀವು ಹೇಗೆ ಹೇಳಿದಿರಿ? ಎಲ್ಲಿಂದ ಶುರು ಮಾಡಿದಿರಿ? ಹೇಳಲೇಬೇಕಾ ಅನ್ನುವುದೂ ನನಗೆ ಗೊತ್ತಾಗುತ್ತಿಲ್ಲ.

ತಡರಾತ್ರಿ:

ನನಗೆ 39ಕ್ಕೆ ಗೊತ್ತಾಯಿತು. ಎರಡು ವರ್ಷ ಆಯಿತು. ನಾನು ಮಾಡಿದ ತಪ್ಪು ಮೊದಲು ಹೇಳುತ್ತೇನೆ, ನೀವು ಅದನ್ನು ಮಾಡಬೇಡಿ.

ಗೊತ್ತಾದ ವಾರವೇ ಮನೆಯವರ ವಾಟ್ಸಾಪ್ ಗುಂಪಿಗೆ ಉದ್ದದ ಮೆಸೇಜ್ ಹಾಕಿದೆ. ಮೆದುಳು, ಡೋಪಮೀನ್, ಲಕ್ಷಣಗಳು, ಮೂರು ವಿಡಿಯೋ, ಎಲ್ಲ ಒಟ್ಟಿಗೆ. ಆಗ ನನಗೆ ಖುಷಿ ತಡೆಯಲು ಆಗುತ್ತಿರಲಿಲ್ಲ. ಇಷ್ಟು ವರ್ಷದ ಒಗಟು ಬಿಡಿಸಿತು ಅಂತ. ಅವರಿಗೆ ಆ ಖುಷಿ ಎಲ್ಲಿಂದ ಬರಬೇಕು? ಇಬ್ಬರು ಹೆಬ್ಬೆರಳು ಎತ್ತಿದರು. ಒಬ್ಬರು 'ಎಲ್ಲ ಸರಿಹೋಗುತ್ತೆ' ಅಂದರು. ಮಾತು ಬೇರೆ ಕಡೆ ಹೋಯಿತು. ನಾನು ಆರು ತಿಂಗಳು ಯಾರ ಹತ್ತಿರವೂ ಮತ್ತೆ ಬಾಯಿ ಬಿಡಲಿಲ್ಲ.

ಆಮೇಲೆ ಅಪ್ಪನಿಗೆ ಮಾತ್ರ ಬೇರೆ ಥರ ಹೇಳಿದೆ. ಇಬ್ಬರೂ ಕಾರಲ್ಲಿ ಹೋಗುತ್ತಿದ್ದೆವು. ಮುಖ ನೋಡಿಕೊಂಡು ಕೂರಬೇಕಾಗಿರಲಿಲ್ಲ, ಅದು ಒಳ್ಳೆಯದಾಯಿತು. 'ಅಪ್ಪಾ, ನೀವು ನನಗೆ ಏನಾದ್ರೂ ಹೇಳ್ತಿರುವಾಗ ನಾನು ಮಧ್ಯದಲ್ಲೇ ಎದ್ದು ಹೋಗ್ತೀನಲ್ಲ, ಅದು ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತ ಅಲ್ಲ' ಅಂದೆ. ಸ್ವಲ್ಪ ದೂರ ಸುಮ್ಮನಿದ್ದರು. 'ಹಾಗಾದ್ರೆ ಯಾಕೆ?' ಅಂದರು. ಆ 'ಯಾಕೆ'ಗೆ ಉತ್ತರವಾಗಿ ಎಡಿಎಚ್‌ಡಿ ಅನ್ನುವ ಪದ ಬಂತು. ಅವರು ಕೇಳಿದ ಮೇಲೆ ಬಂತು.

ನನ್ನ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸ. ಕಾಯಿಲೆಯ ಪರಿಚಯ ಮಾಡಿಕೊಡಲು ಹೋಗಬೇಡಿ. ನಿಮ್ಮಿಬ್ಬರ ಮಧ್ಯೆ ಅದು ಏನು ಮಾಡಿದೆಯೋ ಅಲ್ಲಿಂದ ಶುರು ಮಾಡಿ. ಗೆಳತಿಗಾದರೆ ಆ ಗುರುವಾರದಿಂದ.

ಮಳೆಹನಿ:

ತಡರಾತ್ರಿ ಅವರು ಹೇಳಿದ್ದು ಚೆನ್ನಾಗಿದೆ. ಆದರೆ ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾನು ಹೆಸರಿನಿಂದಲೇ ಶುರು ಮಾಡಿದೆ. ಯಾಕೆಂದರೆ ಸೋಮಾರಿ, ಬೇಜವಾಬ್ದಾರಿ, ಚಂಚಲೆ, ಇವೆಲ್ಲ ಹೆಸರುಗಳೇ ಅಲ್ವಾ? 28 ವರ್ಷ ಆ ಹೆಸರು ಹೊತ್ತುಕೊಂಡು ತಿರುಗಿದ್ದೇನೆ. ಸರಿಯಾದ ಹೆಸರು ಸಿಕ್ಕಿದ ದಿನ ಅದನ್ನು ನಾನೇ ಜೋರಾಗಿ ಹೇಳಬೇಕಿತ್ತು. ಅಕ್ಕನ ಎದುರು ಕೂತು ಹೇಳಿದೆ. ಅವಳಿಗೆ ಅರ್ಥ ಆಯಿತೋ ಇಲ್ಲವೋ, ನನಗೆ ಎದೆ ಹಗುರಾಯಿತು.

ತಡರಾತ್ರಿ:

ಮಳೆಹನಿ ಅವರೇ, ಒಪ್ಪಿದೆ. ನಮಗೋಸ್ಕರ ಹೇಳುವುದು ಒಂದು, ಅವರಿಗೆ ತಿಳಿಯಲಿ ಅಂತ ಹೇಳುವುದು ಇನ್ನೊಂದು. ನಾನು ಎರಡನ್ನೂ ಒಂದೇ ಮೆಸೇಜಿನಲ್ಲಿ ಮಾಡಲು ಹೋಗಿದ್ದೆ.

ಹಳೇ ಟೀಚರ್:

ನೀಲಿ ಡೈರಿ ಅವರೇ, ನಿಮ್ಮ ಅಮ್ಮನ ಬಗ್ಗೆ ಒಂದು ಮಾತು. ನಾನು 31 ವರ್ಷ ಪಾಠ ಮಾಡಿದವಳು. ನಿಮ್ಮಂಥ ಎಷ್ಟು ಹುಡುಗಿಯರು ನನ್ನ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿದ್ದಾರೋ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಗಲಾಟೆ ಮಾಡುವ ಹುಡುಗ ನಮ್ಮ ಕಣ್ಣಿಗೆ ಬೀಳುತ್ತಿದ್ದ. ಸುಮ್ಮನೆ ಕೂತು ಎಲ್ಲೋ ಕಳೆದುಹೋಗುವ ಹುಡುಗಿಗೆ 'ಕನಸು ಕಾಣ್ತಾಳೆ' ಅಂತ ಹೇಳಿ ಮುಂದೆ ಹೋಗುತ್ತಿದ್ದೆವು.

ಇದು ಬರೀ ಟೀಚರ್‌ಗಳ ತಪ್ಪೂ ಅಲ್ಲ. ವೈದ್ಯರ ಪುಸ್ತಕಗಳೇ ಹಾಗಿದ್ದವು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1968ರಲ್ಲಿ ಇದಕ್ಕಿದ್ದ ಹೆಸರಿನಲ್ಲೇ ಅತಿ ಚಟುವಟಿಕೆ ಇತ್ತು. ಗಮನದ ಕೊರತೆ ಹೆಸರಿಗೆ ಬಂದಿದ್ದು 1980ರಲ್ಲಿ. ಎಡಿಎಚ್‌ಡಿ ಅನ್ನುವ ಹೆಸರು 1987ರದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಂತೂ ಬಹಳ ಕಾಲ ಅತಿ ಚಟುವಟಿಕೆ ಇದ್ದರೆ ಮಾತ್ರ ಲೆಕ್ಕ. ಎಡಿಎಚ್‌ಡಿ ಹೆಸರು ಹೊತ್ತ ಅವರ ಹೊಸ ಪಟ್ಟಿ ಜಾರಿಗೆ ಬಂದಿದ್ದು 2022ರಲ್ಲಿ. ಇನ್ನೊಂದು, ಲಕ್ಷಣಗಳು 7 ವರ್ಷದೊಳಗೆ ಕಾಣಿಸಿರಬೇಕು ಅಂತ ಅಮೆರಿಕದ ಕೈಪಿಡಿಯಲ್ಲಿ ನಿಯಮ ಇತ್ತು. 2013ರಲ್ಲಿ ಅದನ್ನು 12 ವರ್ಷಕ್ಕೆ ಏರಿಸಿದರು.

ನಿಮಗೆ 36 ಅಂದರೆ, ನೀವು ಶಾಲೆಗೆ ಹೋಗುವಾಗ ನಿಮ್ಮ ಅಮ್ಮ ಹುಡುಕಿಕೊಂಡು ಹೋಗಿದ್ದರೂ ಯಾರೂ ಇದನ್ನು ಹೇಳುತ್ತಿರಲಿಲ್ಲವೇನೋ. ಅಮ್ಮನಿಗೆ ಹೇಳುವಾಗ ಇದು ನೆನಪಿರಲಿ. ನಿಮ್ಮ ಮಾತಿನಲ್ಲಿ ಎಲ್ಲಿಯೂ 'ನೀವು ನೋಡಲಿಲ್ಲ' ಅನ್ನುವುದು ಇಣುಕಬಾರದು. ನೋಡಲು ಅವರಿಗೆ ದಾರಿಯೇ ಇರಲಿಲ್ಲ.

ಪಕ್ಕದ ಕುರ್ಚಿ:

ನನಗೆ ಎಡಿಎಚ್‌ಡಿ ಇಲ್ಲ. ನನ್ನ ಹೆಂಡತಿಗೆ ಇದೆ. ಕೇಳಿಸಿಕೊಂಡವರ ಕಡೆಯಿಂದಲೂ ಯಾರಾದರೂ ಬರೆಯಬೇಕು ಅನಿಸಿತು.

ಅವಳು ಹೇಳಿದ ದಿನ ನನಗೆ ಬಂದಿದ್ದು ಕರುಣೆ ಅಲ್ಲ, ಸಿಟ್ಟು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಒಂಬತ್ತು ವರ್ಷ ಬಿಲ್ ಕಟ್ಟಿದ್ದು ನಾನು, ಹೋಗಬೇಕಾದ ಜಾಗದ ದಿನಾಂಕ ನೆನಪಿಟ್ಟಿದ್ದು ನಾನು, ಕಳೆದ ಬೀಗದ ಕೈ ಹುಡುಕಿದ್ದು ನಾನು. ಈಗ ಇದಕ್ಕೊಂದು ಹೆಸರು ಬಂತು ಅಂದಾಗ, ಹಾಗಾದರೆ ಇನ್ನು ಮುಂದೆಯೂ ಎಲ್ಲ ನಾನೇನಾ ಅನಿಸಿತು. ಅವಳು ಕ್ಷಮೆ ಕೇಳಲು ಬಂದಿದ್ದಾಳಾ, ಕಾರಣ ಹೇಳಲು ಬಂದಿದ್ದಾಳಾ ಅನ್ನುವುದೇ ನನಗೆ ಗೊತ್ತಾಗಲಿಲ್ಲ.

ನನ್ನ ಮನಸ್ಸು ತಿರುಗಿದ್ದು ಒಂದು ವಾರದ ಮೇಲೆ. ಅವಳು ಒಂದು ಚೀಟಿ ತಂದು ಮೇಜಿನ ಮೇಲಿಟ್ಟಳು. ಅದರಲ್ಲಿ ಎರಡೇ ಸಾಲು. ಒಂದು, ಕರೆಂಟ್ ಬಿಲ್ಲು, ಫೋನ್ ಬಿಲ್ಲು ಎರಡನ್ನೂ ಬ್ಯಾಂಕಿನಿಂದ ತಾನಾಗಿಯೇ ಕಟ್ಟಿಹೋಗುವ ಹಾಗೆ ಮಾಡಿದ್ದೇನೆ. ಎರಡು, ಮುಖ್ಯವಾದ ಮಾತು ಹೇಳುವಾಗ ನನ್ನ ಕೈ ಮುಟ್ಟಿ ಹೇಳು, ಬೇರೆ ರೂಮಿನಿಂದ ಕೂಗಿ ಹೇಳಬೇಡ. ಮೊದಲನೆಯದು ಅವಳು ಹೊತ್ತುಕೊಂಡಿದ್ದು. ಎರಡನೆಯದು ನನ್ನಿಂದ ಕೇಳಿದ್ದು. ಆಗ ನನಗೆ ದಾರಿ ಕಂಡಿತು. ಏನು ಮಾಡಬೇಕು ಅಂತ ಗೊತ್ತಾದರೆ ಮನುಷ್ಯ ಮಾಡುತ್ತಾನೆ. 'ನನ್ನನ್ನು ಅರ್ಥ ಮಾಡಿಕೋ' ಅಂದರೆ ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯುವುದಿಲ್ಲ.

ನಿಮ್ಮ ಗೆಳತಿಗೆ ಬರೆಯುವಾಗ ಕಾರಣ ಆಮೇಲೆ ಬರಲಿ. ಮೊದಲು ಕ್ಷಮೆ ಇರಲಿ. ಆ ಬೆಂಚಿನ ಮೇಲೆ ಅವರು ಒಬ್ಬರೇ ಕೂತಿದ್ದರು. ಯಾಕೆ ಅಂತ ಗೊತ್ತಾದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ.

ನೀಲಿ ಡೈರಿ:

ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ಪಕ್ಕದ ಕುರ್ಚಿ ಅವರೇ, ನಿಮ್ಮ ಸಿಟ್ಟನ್ನು ಮುಚ್ಚಿಡದೆ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಗಂಡನೂ ಹೀಗೇ ಅಂದುಕೊಂಡಿರಬಹುದಾ ಅಂತ ರಾತ್ರಿ ಕೇಳಿದೆ. 'ಸ್ವಲ್ಪ' ಅಂದರು. ಒಂದು ಗಂಟೆ ಮಾತಾಡಿದೆವು.

ಆದರೆ ಅಮ್ಮನ ಹತ್ತಿರ ಎಡವಿದೆ. ಇಷ್ಟೆಲ್ಲ ಓದಿಯೂ ಎಡವಿದೆ. ನಿನ್ನೆ ಫೋನಿನಲ್ಲಿ ಏನೋ ಮಾತು ಬಂದು, 'ಡಾಕ್ಟರ್ ಹತ್ರ ಯಾವ ಫೈಲು?' ಅಂತ ಅಮ್ಮ ಕೇಳಿದರು. ಬಾಯಿಂದ ಬಂದುಬಿಟ್ಟಿತು. ಒಂದು ನಿಮಿಷ ಸದ್ದಿಲ್ಲ. ಆಮೇಲೆ, 'ನಿನಗೇನೂ ಆಗಿಲ್ಲ. ಕ್ಲಾಸಿಗೆ ಫಸ್ಟ್ ಬರ್ತಿದ್ದವಳು ನೀನು. ಗಮನ ಇಲ್ದೆ ಫಸ್ಟ್ ಬರೋಕೆ ಆಗುತ್ತಾ?' ಅಂದರು. ನಾನು ವಿವರಿಸಲು ಹೋದೆ. 'ಮಾತ್ರೆ ಬೇರೆ ಕೊಟ್ಟಿದ್ದಾರಾ? ಬಿಟ್ಟುಬಿಡು ಅದನ್ನ' ಅಂದರು. ನನ್ನ ದನಿ ಏರಿತು. ಅವರು ಫೋನ್ ಇಟ್ಟರು.

ಇವತ್ತು ಎರಡು ಸಲ ಮಾಡಿದೆ. ಎತ್ತಲಿಲ್ಲ. ನಮ್ಮ ಅಮ್ಮ ನನ್ನ ಫೋನ್ ಎತ್ತದೇ ಇದ್ದದ್ದು ನನಗೆ ನೆನಪೇ ಇಲ್ಲ.

ಇಬ್ಬರು ಮಕ್ಕಳ ಅಪ್ಪ:

ಅಕ್ಕಾ, ಅಮ್ಮ ಸಿಟ್ಟಾಗಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಹೆದರಿದ್ದಾರೆ. ನಾನು ಆ ಜಾಗದಲ್ಲಿ ಕೂತವನು, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ದೊಡ್ಡ ಮಗನಿಗೆ 9 ವರ್ಷಕ್ಕೆ ಗೊತ್ತಾಯಿತು. ಡಾಕ್ಟರು ಹೇಳಿದ್ದೆಲ್ಲ ನನಗೆ ಒಂದೇ ಥರ ಕೇಳಿಸಿತು. ನೀನು ಸರಿಯಾಗಿ ಬೆಳೆಸಲಿಲ್ಲ. ಅವರು ಹಾಗೆ ಹೇಳಲೇ ಇಲ್ಲ. ಅದರ ಉಲ್ಟಾ ಹೇಳಿದ್ದರು. ಬೆಳೆಸುವ ರೀತಿಯಿಂದ ಎಡಿಎಚ್‌ಡಿ ಬರುವುದಿಲ್ಲ, ಹುಟ್ಟಿನಿಂದಲೇ ಬರುವುದು ಜಾಸ್ತಿ ಅಂತ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮನೆಗೆ ಬಂದು ನಾನೂ ಅದೇ ಅಂದೆ, 'ಅವನಿಗೇನೂ ಆಗಿಲ್ಲ'. ಹೆಂಡತಿಯ ಜೊತೆ ಜಗಳ ಆಡಿದೆ. ಆ 'ಏನೂ ಆಗಿಲ್ಲ' ಅನ್ನುವ ಮಾತಿನ ಅರ್ಥ, ನಾನು ಏನೂ ತಪ್ಪು ಮಾಡಿಲ್ಲ ಅಂತ ಯಾರಾದರೂ ಹೇಳಿ ಅಂತ.

ಮುಂದಿನ ವರ್ಷ ನನಗೂ ಅದೇ ಇದೆ ಅಂತ ಗೊತ್ತಾಯಿತು, ನನ್ನ 44ಕ್ಕೆ. ಎತ್ತರದ ಹಾಗೆ ಇದೂ ವಂಶದಲ್ಲಿ ಹರಿದು ಬರುವಂಥದ್ದು. ಅವಳಿ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳಲ್ಲಿ ಜನರ ನಡುವಿನ ವ್ಯತ್ಯಾಸದಲ್ಲಿ ಶೇ 70ರಿಂದ 80ರಷ್ಟು ಜೀನ್‌ಗಳಿಂದಲೇ ಬರುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಹಾಗಂತ ಇದನ್ನು ನಿಮ್ಮ ಅಮ್ಮನಿಗೆ ಈಗಲೇ ಹೇಳಬೇಡಿ. 'ನಿಮ್ಮಿಂದಲೇ ಬಂದಿದ್ದು' ಅಂತ ಕೇಳಿಸುತ್ತದೆ. ನನ್ನ ತಂಗಿ ಹಾಗೆ ಹೇಳಿ ಅಮ್ಮ ನಾಲ್ಕು ದಿನ ಅತ್ತಿದ್ದರು.

ಎರಡು ದಿನ ಬಿಡಿ. ಆಮೇಲೆ ಫೋನ್ ಮಾಡಿ, ಎಡಿಎಚ್‌ಡಿ ಬಗ್ಗೆ ಮಾತಾಡಬೇಡಿ. ಚಿಕ್ಕವಳಿದ್ದಾಗ ನಾನು ಹೇಗಿದ್ದೆ ಅಂತ ಕೇಳಿ. ಸುಮ್ಮನೆ ಕೇಳಿ, ತಿದ್ದಬೇಡಿ. ನಿಮ್ಮ ಡಾಕ್ಟರು ಕೂಡ ಬಾಲ್ಯದ ಬಗ್ಗೆ ಕೇಳಿರುತ್ತಾರೆ. ಅದನ್ನು ನೋಡಿದವರು ನಿಮ್ಮ ಅಮ್ಮನೇ ಅಲ್ವಾ?

ಹಳೇ ಟೀಚರ್:

ಇದು ಸರಿಯಾದ ಮಾತು. ಅಮ್ಮ ಹೇಳಿದ 'ಫಸ್ಟ್ ಬರ್ತಿದ್ದೆ' ಅನ್ನುವುದಕ್ಕೂ ಒಂದು ಉತ್ತರ ಇದೆ, ಆದರೆ ಈಗ ವಾದಕ್ಕೆ ಬಳಸಬೇಡಿ. ಎಡಿಎಚ್‌ಡಿ ಇರುವ ಮಗು ದಡ್ಡ ಆಗಿರಬೇಕಿಲ್ಲ. ಗಮನವೇ ಇಲ್ಲ ಅಂತಲೂ ಅಲ್ಲ. ಇಷ್ಟದ ವಿಷಯ ಸಿಕ್ಕರೆ ಮೂರು ಗಂಟೆ ತಲೆ ಎತ್ತುವುದಿಲ್ಲ. ಬೇಕಾದಾಗ, ಬೇಕಾದ ಕಡೆಗೆ ಗಮನ ತಿರುಗಿಸುವುದೇ ಕಷ್ಟ. ಪರೀಕ್ಷೆಯ ಹಿಂದಿನ ರಾತ್ರಿ ಕೂತು ಎಲ್ಲ ಓದಿ ಮುಗಿಸುವ ಮಕ್ಕಳನ್ನು ನಾನು ಬುದ್ಧಿವಂತರು ಅಂತ ಹೊಗಳಿದ್ದೇನೆ. ಹಿಂದಿನ ಮೂರು ತಿಂಗಳು ಆ ಮಗು ಪುಸ್ತಕ ತೆರೆಯಲು ಒದ್ದಾಡಿದ್ದನ್ನು ಕೇಳಲೇ ಇಲ್ಲ.

ಖಾಲಿ ಪುಟ:

ಎಲ್ಲರೂ ಹೇಗೆ ಹೇಳಬೇಕು ಅಂತ ಬರೆಯುತ್ತಿದ್ದಾರೆ. ಹೇಳಿ ಕೆಟ್ಟವಳು ನಾನು, ಅದನ್ನೂ ಬರೆಯುತ್ತೇನೆ.

ನಾಲ್ಕು ವರ್ಷ ಹತ್ತಿರದಿಂದ ನೋಡಿದ ಗೆಳತಿಗೆ ಹೇಳಿದೆ. ಅವಳು ಆಗ ಚೆನ್ನಾಗಿಯೇ ಕೇಳಿಸಿಕೊಂಡಳು. ಆಮೇಲೆ ನಮ್ಮಿಬ್ಬರ ಮಧ್ಯೆ ಯಾವುದೋ ಚಿಕ್ಕ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ನಾನು ಹೇಳುತ್ತಿದ್ದದ್ದು ಸರಿಯಿತ್ತು, ಈಗಲೂ ಹಾಗೇ ಅನಿಸುತ್ತದೆ. ಅವಳು 'ನಿನ್ನ ಮಾತ್ರೆ ಇವತ್ತು ತಗೊಂಡಿಲ್ವಾ?' ಅಂದಳು. ಅಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರಲ್ಲಿ ಮೂವರಿಗೆ ಅವತ್ತೇ ಗೊತ್ತಾಗಿದ್ದು.

ಅವತ್ತು ಕಲಿತಿದ್ದು ಏನೆಂದರೆ, ಹೇಳುವ ಮೊದಲು ಆ ಮನುಷ್ಯ ಬೇರೆಯವರ ಗುಟ್ಟನ್ನು ಹೇಗೆ ಇಟ್ಟುಕೊಳ್ಳುತ್ತಾನೆ ಅಂತ ನೋಡಬೇಕು. ನಿಮ್ಮ ಹತ್ತಿರ ಊರವರ ವಿಷಯವೆಲ್ಲ ಹೇಳುವವರು ಊರವರ ಹತ್ತಿರ ನಿಮ್ಮದನ್ನೂ ಹೇಳುತ್ತಾರೆ. 'ಇದು ನಮ್ಮಿಬ್ಬರಲ್ಲೇ ಇರಲಿ' ಅಂತ ಬಾಯಿ ಬಿಟ್ಟು ಹೇಳಬೇಕು. ಅವರಿಗೇ ಗೊತ್ತಾಗುತ್ತೆ ಅಂತ ಬಿಡಬಾರದು. ಮತ್ತೆ, ಮಾತ್ರೆಯ ವಿಷಯ ಎಡಿಎಚ್‌ಡಿ ವಿಷಯಕ್ಕಿಂತ ಒಂದು ಹೆಜ್ಜೆ ಒಳಗಿನದು. ಮೊದಲನೆಯದನ್ನು ಹೇಳಿದವರಿಗೆಲ್ಲ ಎರಡನೆಯದನ್ನು ಹೇಳಬೇಕಿಲ್ಲ.

ಆಫೀಸಿನಲ್ಲಿ ನಾನು ಯಾರಿಗೂ ಹೇಳಿಲ್ಲ. 'ಮೀಟಿಂಗ್ ಆದ ಮೇಲೆ ನಾನು ಮಾಡಬೇಕಾದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಿ, ನನಗೆ ಬರಹದಲ್ಲಿದ್ದರೆ ಅನುಕೂಲ' ಅಂತ ಮಾತ್ರ ಕೇಳಿದ್ದೇನೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಬೇಕಾಗಿದ್ದು ಸಿಕ್ಕಿತು.

ಮಳೆಹನಿ:

ಖಾಲಿ ಪುಟ, ಇದನ್ನು ಓದಿ ಬೇಜಾರಾಯಿತು. ಆ ಮಾತು ಯಾರಿಗೂ ಕೇಳಿಸಬಾರದು.

ಹೊಸಬ:

ನಾನು ಇನ್ನೂ ಡಾಕ್ಟರ ಹತ್ತಿರ ಹೋಗಿಲ್ಲ, ಓದುತ್ತಿದ್ದೇನೆ ಅಷ್ಟೇ. 'ಅಯ್ಯೋ ಅದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರುತ್ತೆ ಬಿಡು' ಅಂದರೆ ಏನು ಹೇಳುವುದು? ನನಗೆ ಎಲ್ಲ ಕಡೆ ಇದೇ ಸಿಗುತ್ತಿದೆ.

ತಡರಾತ್ರಿ:

ಹೊಸಬ ಅವರೇ, ಆ ಮಾತು ಹೇಳುವವರಲ್ಲಿ ಎರಡು ಬಗೆ. ಕೆಲವರು ಸಮಾಧಾನ ಮಾಡಲು ಹೇಳುತ್ತಾರೆ. ನೀನು ಒಬ್ಬನೇ ಅಲ್ಲ ಅನ್ನುವ ಅರ್ಥದಲ್ಲಿ. ಅವರ ಜೊತೆ ವಾದ ಬೇಡ. 'ಹೌದು, ಎಲ್ಲರೂ ಮರೀತಾರೆ. ನನಗೆ ಮರೆತು ಕೆಲಸ ಹೋಗಿತ್ತು' ಅಂತ ಒಂದು ಸಾಲು ಸಾಕು. ನನಗೆ ನಿಜವಾಗಿಯೂ ಹೋಗಿತ್ತು. ಅದನ್ನು ಹೇಳಿದ ಮೇಲೆ ಯಾರೂ ಮತ್ತೆ ಆ ಮಾತು ಎತ್ತಿಲ್ಲ.

ಇನ್ನು ಕೆಲವರಿಗೆ ನಿಜವಾಗಿ ತಿಳಿದುಕೊಳ್ಳಬೇಕು ಅಂತ ಇರುತ್ತದೆ. ಅವರಿಗೆ ವಿವರ ಹೇಳಬಹುದು. ಗಮನದ ಕಡೆ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿನ ಕಡೆ 9. ದೊಡ್ಡವರಲ್ಲಿ ಯಾವುದಾದರೂ ಒಂದು ಕಡೆ ಕನಿಷ್ಠ 5, ಮಕ್ಕಳಲ್ಲಿ 6 ಇರಬೇಕು. ಆರು ತಿಂಗಳಾದರೂ ಇರಬೇಕು. 12 ವರ್ಷದೊಳಗೇ ಕೆಲವು ಶುರುವಾಗಿರಬೇಕು. ಮನೆ, ಕೆಲಸ, ಹೀಗೆ ಒಂದಕ್ಕಿಂತ ಜಾಸ್ತಿ ಕಡೆ ಕಾಣಬೇಕು. ಎಲ್ಲಕ್ಕಿಂತ ಮುಖ್ಯ, ಬದುಕಿಗೆ ಪೆಟ್ಟು ಕೊಡುತ್ತಿರಬೇಕು. ರಕ್ತ ಪರೀಕ್ಷೆ, ಸ್ಕ್ಯಾನ್ ಇದಕ್ಕಿಲ್ಲ. ಅದಕ್ಕೇ ಜನಕ್ಕೆ ನಂಬಿಕೆ ಬರುವುದು ಕಷ್ಟ. ಇದರ ಬಗ್ಗೆ ಗೊತ್ತಿರುವ ಡಾಕ್ಟರು ಕೂತು, ಹಿಂದಿನಿಂದ ಇಂದಿನವರೆಗೆ ಕೇಳಿ, ಆತಂಕ, ಖಿನ್ನತೆ, ನಿದ್ದೆಯ ತೊಂದರೆ ಇವೇ ಕಾರಣ ಅಲ್ಲ ಅಂತ ನೋಡಿ ಹೇಳುತ್ತಾರೆ.

ನೀವು ಒಂದು ಸಲ ಹೋಗಿ ತೋರಿಸಿಕೊಳ್ಳಿ. ಬೇರೆಯವರಿಗೆ ಹೇಳುವ ವಿಷಯ ಆಮೇಲೆ.

ಹೊಸಬ:

ಥ್ಯಾಂಕ್ಸ್ ಅಣ್ಣಾ. ಮಾತ್ರೆ ಬಗ್ಗೆ ಕೇಳಿದರೆ ಕನ್ನಡಕದ ಹಾಗೆ ಅಂತ ಹೇಳಬಹುದು ಅಂತ ಎಲ್ಲೋ ನೋಡಿದೆ. ಅದು ಸರೀನಾ?

ಪಕ್ಕದ ಕುರ್ಚಿ:

ನನಗೆ ಆ ಹೋಲಿಕೆ ಇಷ್ಟ ಇಲ್ಲ. ಕನ್ನಡಕ ಹಾಕಿದ ಕೂಡಲೇ ಕಾಣುತ್ತದೆ. ಅದನ್ನು ಕೇಳಿ ನಾನೂ ಮಾತ್ರೆ ಶುರುವಾದ ಮರುದಿನವೇ ಎಲ್ಲ ಸರಿಯಾಗುತ್ತೆ ಅಂತ ಕಾದೆ. ಪ್ರಮಾಣ ಹೊಂದಿಸಲು ತಿಂಗಳುಗಳೇ ಬೇಕಾದವು. ಮೊದಲು ಕೊಟ್ಟ ಮಾತ್ರೆ ಅವಳಿಗೆ ಒಗ್ಗಲಿಲ್ಲ, ಹಸಿವು ಹೋಯಿತು, ಬದಲಾಯಿಸಿದರು. ಮಾತ್ರೆ ಕೆಲಸ ಶುರು ಮಾಡುವುದಕ್ಕೆ ಕೈ ಹಿಡಿಯುತ್ತದೆ. ಹಳೆಯ ಅಭ್ಯಾಸಗಳನ್ನು ಅವಳೇ ಒಂದೊಂದಾಗಿ ಬದಲಾಯಿಸಬೇಕಾಯಿತು. ಮನೆಯವರಿಗೆ ಇದನ್ನು ಮೊದಲೇ ಹೇಳಿದರೆ ಒಳ್ಳೆಯದು. ಇಲ್ಲದಿದ್ದರೆ ಎರಡನೇ ವಾರಕ್ಕೆ 'ಮಾತ್ರೆ ತಗೊಂಡ್ರೂ ಮರೀತೀಯಲ್ಲ' ಅಂತ ಶುರುವಾಗುತ್ತದೆ.

ಇಬ್ಬರು ಮಕ್ಕಳ ಅಪ್ಪ:

ಹೆದರುವ ದೊಡ್ಡವರಿಗೆ ನಾನು ಹೇಳಿದ್ದು ಇಷ್ಟು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಹೊಸದಾಗಿ ಬಂದ ಔಷಧಿ ಅಲ್ಲ, 1950ರ ದಶಕದಿಂದ ಬಳಕೆಯಲ್ಲಿದೆ. ದುರುಪಯೋಗ ಆಗಬಹುದು, ಅದಕ್ಕೇ ಡಾಕ್ಟರ ಚೀಟಿ ಇಲ್ಲದೆ ಸಿಗುವುದಿಲ್ಲ. ಬಿಪಿ, ನಾಡಿ ನೋಡುತ್ತಾ ಕೊಡುತ್ತಾರೆ. ಎಲ್ಲರಿಗೂ ಮಾತ್ರೆ ಬೇಕೇ ಬೇಕು ಅಂತಲೂ ಇಲ್ಲ. ನಮ್ಮ ಮಾವ ಇದನ್ನು ಕೇಳಿ, 'ಡಾಕ್ಟರನ್ನ ನಾನೇ ಒಂದ್ಸಲ ಕೇಳ್ಬಹುದಾ?' ಅಂದರು. ಕರೆದುಕೊಂಡು ಹೋದೆ. ಅವರು ಕೇಳಿದ ಪ್ರಶ್ನೆಗಳು ನಾನು ಕೇಳಿದ್ದಕ್ಕಿಂತ ಚೆನ್ನಾಗಿದ್ದವು.

ನೀಲಿ ಡೈರಿ:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಅಮ್ಮ ತಾವೇ ಮನೆಗೆ ಬಂದರು. ಬಂದು ಎರಡು ದಿನ ಆ ಮಾತೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂರನೇ ದಿನ ಬೆಳಗ್ಗೆ ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಫೋನ್ ಸಿಕ್ಕಿತು, ಚಾರ್ಜರ್ ಇಲ್ಲ. ಚಾರ್ಜರ್ ಹುಡುಕುವಾಗ ಕೈಯಲ್ಲಿದ್ದ ಫೋನ್ ಎಲ್ಲೋ ಇಟ್ಟೆ. ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಏನೂ ಹೇಳದೆ ಬಂದು, ನನ್ನ ಬ್ಯಾಗ್ ತೆಗೆದುಕೊಂಡು, ಒಂದೊಂದೇ ಒಳಗೆ ಹಾಕಿದರು. ಪರ್ಸ್, ಬೀಗದ ಕೈ, ನೀರಿನ ಬಾಟಲಿ, ಚಾರ್ಜರ್. ಅವರ ಕೈ ಎಷ್ಟು ಸಲೀಸಾಗಿ ಓಡುತ್ತಿತ್ತು ಅಂದರೆ ನಾನು ನೋಡುತ್ತಾ ನಿಂತುಬಿಟ್ಟೆ. ಯಾವ ಜಿಪ್ಪಿನಲ್ಲಿ ಏನು ಅಂತ ಯೋಚನೆಯೇ ಮಾಡಲಿಲ್ಲ.

ಇಬ್ಬರು ಮಕ್ಕಳ ಅಪ್ಪ ಅವರು ಹೇಳಿದ್ದು ನೆನಪಾಯಿತು. 'ಅಮ್ಮಾ, ನಾನು ಚಿಕ್ಕವಳಿದ್ದಾಗ ಹೇಗಿದ್ದೆ?' ಅಂತ ಕೇಳಿದೆ.

ಅವರು ಬ್ಯಾಗಿನ ಜಿಪ್ ಎಳೆಯುತ್ತಾ, 'ಹತ್ತನೇ ಕ್ಲಾಸಿನವರೆಗೂ ನಿನ್ನ ಬ್ಯಾಗ್ ತುಂಬ್ತಿದ್ದದ್ದು ನಾನೇ' ಅಂದರು. ನೀನು ಮಲಗಿದ ಮೇಲೆ ದಿನಾ ರಾತ್ರಿ. ನೀನು ತುಂಬಿದ್ದನ್ನ ತೆಗೆದು, ಟೈಮ್‌ಟೇಬಲ್ ನೋಡಿ, ಮತ್ತೆ ತುಂಬ್ತಿದ್ದೆ. ಹಾಲಿನ ಗಡಿಯಾರ ಇಪ್ಪತ್ತು ನಿಮಿಷ ಮುಂದೆ ಇಡ್ತಿದ್ದೆ, ನಿನಗೆ ಯಾವತ್ತೂ ಹೇಳಲಿಲ್ಲ. ಓದೋಕೆ ಕೂತಾಗ ನಾನು ಪಕ್ಕದಲ್ಲೇ ಬಟ್ಟೆ ಮಡಚ್ತಾ ಕೂರ್ತಿದ್ದೆ, ಯಾಕಂದ್ರೆ ನಾನು ಎದ್ದರೆ ನೀನೂ ಏಳ್ತಿದ್ದೆ.

ನನಗೆ ಇದೊಂದೂ ಗೊತ್ತಿರಲಿಲ್ಲ. ಹಾಸ್ಟೆಲಿಗೆ ಹೋದ ವರ್ಷ ಯಾಕೆ ಎಲ್ಲ ಕುಸಿದುಬಿತ್ತು ಅಂತ ನನ್ನನ್ನು ನಾನೇ ಹದಿನೆಂಟು ವರ್ಷ ಬೈದುಕೊಂಡಿದ್ದೇನೆ.

ಅಮ್ಮ ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ನಾನೇ ಎಲ್ಲ ಮಾಡಿಕೊಟ್ಟು ನಿನ್ನನ್ನ ಕೆಡಿಸಿಬಿಟ್ಟೆ ಅಂದ್ಕೊಂಡಿದ್ದೆ. ನೀನು ಫೋನಲ್ಲಿ ಹೇಳಿದಾಗ, ಡಾಕ್ಟರೂ ಅದನ್ನೇ ಹೇಳಿರ್ತಾರೆ ಅಂತ ಅನಿಸ್ತು.'

ಅವತ್ತು ಆಫೀಸಿಗೆ ರಜೆ ಹಾಕಿದೆ. ಬ್ಯಾಗಿನಿಂದ ಆ ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅರ್ಥವಾಗದ ಪದಕ್ಕೆ ಬೆರಳಿಟ್ಟು ಕೇಳಿದರು. ಮಾತ್ರೆಯ ಬಗ್ಗೆ ಅವರಿಗೆ ಇನ್ನೂ ಸಮಾಧಾನ ಇಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಜೊತೆಗೆ ಬರುತ್ತಾರಂತೆ.

ಗೆಳತಿಗೆ ಬರೆದು ಕಳಿಸಿದೆ. ಕ್ಷಮೆ ಮೊದಲು, ಬೆಂಚಿನ ಮಾತು, ಆಮೇಲೆ ಮಾತ್ರ ಎಡಿಎಚ್‌ಡಿ. ನಾಲ್ಕು ಸಲ ಅಳಿಸಿ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. 'ಅವತ್ತು ತುಂಬಾ ಹೆದರಿದ್ದೆ ಕಣೇ. ನನಗೆ ಇನ್ನೂ ಬೇಜಾರಿದೆ. ಆದ್ರೆ ನೀನು ಬೇಕಂತ ಬರಲಿಲ್ಲ ಅಂದ್ಕೊಂಡು ಇಷ್ಟು ದಿನ ಇದ್ದೆ. ಹಾಗಲ್ಲ ಅಂತ ಗೊತ್ತಾಗಿದ್ದು ಒಳ್ಳೇದಾಯ್ತು.' ನಾನು, ನಿನಗೆ ಬೇಜಾರಿರುವುದು ಸರಿಯೇ ಇದೆ, ಅಪ್ಪ ಹೇಗಿದ್ದಾರೆ ಅಂತ ಕೇಳಿದೆ. ಅಪ್ಪನ ಫೋಟೋ ಕಳಿಸಿದಳು. ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದಾರೆ.

ಅಣ್ಣನಿಗೆ ಇನ್ನೂ ಹೇಳಿಲ್ಲ. ಅವನು ನಗುತ್ತಾನೆ ಅನ್ನುವ ಭಯ ಇನ್ನೂ ಹೋಗಿಲ್ಲ. ಅಮ್ಮ 'ನಾನು ಹೇಳ್ಲಾ?' ಅಂದರು. ಬೇಡ, ನಾನೇ ಹೇಳುತ್ತೇನೆ ಅಂದಿದ್ದೇನೆ.